ವಾರ್ಪ್ ಬ್ಲಾಕ್ ಅದೃಷ್ಟವೋ, ಲೆಕ್ಕವೋ?

ಪ್ರಶ್ನೆ: ಮೈದುನ ಅಮೆರಿಕದಿಂದ ಬರುವಾಗ ಮಕ್ಕಳಿಗೆ ನಿಂಟೆಂಡೊ ಸ್ವಿಚ್ ತಂದುಕೊಟ್ಟಿದ್ದಾರೆ. ಭಾನುವಾರ ಬಂತೆಂದರೆ ನಾವು ನಾಲ್ಕೂ ಜನ ಕೂತು ಮಾರಿಯೋ ಪಾರ್ಟಿ ಸೂಪರ್‌ಸ್ಟಾರ್ಸ್ ಆಡುತ್ತೇವೆ. ಹನ್ನೊಂದು ವರ್ಷದ ಮಗಳಿಗೆ ವಾರ್ಪ್ ಬ್ಲಾಕ್ ಅನ್ನುವ ಐಟಂ ಎಂದರೆ ಪ್ರಾಣ. ಕೈಗೆ ಸಿಕ್ಕರೆ ಮುಂದಿನ ಸರದಿಗೇ ಉಪಯೋಗಿಸಿಬಿಡುತ್ತಾಳೆ. ಒಂದೊಂದು ಸಲ ಸ್ಟಾರ್ ಪಕ್ಕಕ್ಕೇ ಹೋಗಿ ನಿಲ್ಲುತ್ತಾಳೆ, ಒಂದೊಂದು ಸಲ ಇದ್ದ ಒಳ್ಳೆಯ ಜಾಗವನ್ನೂ ಕಳೆದುಕೊಂಡು ಮುಖ ಸಣ್ಣ ಮಾಡಿಕೊಳ್ಳುತ್ತಾಳೆ. ಮಗನದು ಬೇರೆಯೇ ತಕರಾರು. ‘ನಾನು ನಡೆದು ಬಂದ ಜಾಗವನ್ನು ಇವಳು ಕಿತ್ತುಕೊಳ್ಳೋದು ಮೋಸ’ ಎಂದು ಜಗಳ ತೆಗೆಯುತ್ತಾನೆ. ಇದು ಬರೀ ಅದೃಷ್ಟದ ಐಟಮ್ಮೋ, ಇದಕ್ಕೂ ಒಂದು ಲೆಕ್ಕ ಇದೆಯೋ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಲೆಕ್ಕ ಇದೆ. ಹನ್ನೊಂದು ವರ್ಷದ ಹುಡುಗಿ ಬೆರಳು ಮಡಚಿ ಮಾಡಬಹುದಾದಷ್ಟು ಸಣ್ಣ ಲೆಕ್ಕ. ನಿಮ್ಮ ಮಗಳು ಅದೊಂದನ್ನು ಕಲಿತುಕೊಂಡರೆ ಈ ಐಟಂ ಅವಳಿಗೆ ಕೈಕೊಡುವುದು ಕಡಿಮೆಯಾಗುತ್ತದೆ. ಮಗನ ತಕರಾರಿಗೂ ಉತ್ತರ ಇದೆ, ಅದನ್ನು ಕೊನೆಗೆ ಹೇಳುತ್ತೇನೆ. ಏಕೆಂದರೆ ಲೆಕ್ಕ ಗೊತ್ತಾದ ಮೇಲೆ ಅವನ ಸಿಟ್ಟು ಅರ್ಧ ಇಳಿದಿರುತ್ತದೆ.

ಈ ಆಟ ಆಡದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಮಾರಿಯೋ ಪಾರ್ಟಿ ಟಿವಿ ಮುಂದೆ ಕೂತು ಆಡುವ ಬೋರ್ಡ್ ಆಟ. ಮೊದಲ ಭಾಗ ಜಪಾನಿನಲ್ಲಿ 1998ರ ಡಿಸೆಂಬರ್‌ನಲ್ಲಿ ನಿಂಟೆಂಡೊ 64 ಎಂಬ ಗೇಮ್ ಯಂತ್ರಕ್ಕೆ ಬಂತು, ತಯಾರಿಸಿದ್ದು ಹಡ್ಸನ್ ಸಾಫ್ಟ್. ನಾಲ್ಕು ಜನ ಸರದಿ ಪ್ರಕಾರ ದಾಳ ಹೊಡೆದು ಮನೆಯಿಂದ ಮನೆಗೆ ನಡೆಯುತ್ತಾರೆ. ದಾಳದಲ್ಲಿ ನಮ್ಮ ಹಾಗೆ ಆರಲ್ಲ, ಒಂದರಿಂದ ಹತ್ತರವರೆಗೆ ಅಂಕಿ. ನಾಲ್ವರ ಸರದಿಯೂ ಮುಗಿದರೆ ಒಂದು ಸುತ್ತು, ಆಗ ಎಲ್ಲರೂ ಸೇರಿ ಒಂದು ಮಿನಿಗೇಮ್ ಆಡಿ ಕಾಯಿನ್ ಗೆಲ್ಲುತ್ತಾರೆ. ಬೋರ್ಡಿನ ಯಾವುದೋ ಒಂದು ಮನೆಯಲ್ಲಿ ಸ್ಟಾರ್ ಇರುತ್ತದೆ. ಅಲ್ಲಿಗೆ ತಲುಪಿ 20 ಕಾಯಿನ್ ಕೊಟ್ಟರೆ ಅದು ನಿಮ್ಮದು. ಆಟ ಮುಗಿಯುವಾಗ ಯಾರ ಬಳಿ ಹೆಚ್ಚು ಸ್ಟಾರ್ ಇದೆಯೋ ಅವರು ಗೆದ್ದಂತೆ.

ಮೊದಲ ಭಾಗದಲ್ಲಿ ಕೈಯಲ್ಲಿ ಐಟಂ ಇಟ್ಟುಕೊಂಡು ತಿರುಗುವ ಪದ್ಧತಿ ಇರಲಿಲ್ಲ. 1999ರ ಮಾರಿಯೋ ಪಾರ್ಟಿ 2ರಲ್ಲಿ ಅದು ಶುರುವಾಯಿತು, ಒಬ್ಬರಿಗೆ ಒಂದೇ ಐಟಂ. ಮರುವರ್ಷದ ಮೂರನೇ ಭಾಗದಲ್ಲಿ ಮೂರು ಇಟ್ಟುಕೊಳ್ಳಬಹುದಾಯಿತು. ವಾರ್ಪ್ ಬ್ಲಾಕ್ ಆ ಕಾಲದ ಐಟಂ. 2021ರ ಅಕ್ಟೋಬರ್‌ನಲ್ಲಿ ಬಂದ ನಿಮ್ಮ ಸೂಪರ್‌ಸ್ಟಾರ್ಸ್, ನಿಂಟೆಂಡೊ 64 ಕಾಲದ ಐದು ಬೋರ್ಡುಗಳನ್ನು ಹೊಸದಾಗಿ ಕಟ್ಟಿಕೊಟ್ಟ ಆಟ. ಹಾಗಾಗಿ ಹಳೆಯ ವಾರ್ಪ್ ಬ್ಲಾಕ್ ಕೂಡ ಅದರ ಜೊತೆ ಮರಳಿ ಬಂತು.

ಅದು ಮಾಡುವ ಕೆಲಸ ಇಷ್ಟೇ. ನಿಮ್ಮ ಸರದಿಯಲ್ಲಿ, ದಾಳ ಹೊಡೆಯುವ ಮೊದಲು, ಅದನ್ನು ತೆಗೆದರೆ ಉಳಿದ ಮೂವರಲ್ಲಿ ಯಾರೋ ಒಬ್ಬರ ಜೊತೆ ನಿಮ್ಮ ಜಾಗ ಅದಲುಬದಲಾಗುತ್ತದೆ. ಯಾರ ಜೊತೆ ಎಂಬುದನ್ನು ಆರಿಸುವುದು ಗೇಮ್, ನೀವಲ್ಲ. ಆಮೇಲೆ ಎಂದಿನಂತೆ ದಾಳ ಹೊಡೆದು ಹೊಸ ಜಾಗದಿಂದ ನಡೆಯುತ್ತೀರಿ. ಗೋಲ್ಡನ್ ಪೈಪ್ ಜೊತೆ ಇದನ್ನು ಬೆರೆಸಬೇಡಿ. ಅದು ಯಾರ ಜಾಗವನ್ನೂ ಮುಟ್ಟದೆ ನಿಮ್ಮನ್ನು ನೇರ ಸ್ಟಾರ್ ಮುಂದೆ ಇಳಿಸುವ ಐಟಂ. ಮಕ್ಕಳು ಎರಡನ್ನೂ ‘ಹಾರೋ ಐಟಂ’ ಎಂದು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ, ತಪ್ಪು ಅಲ್ಲಿಂದಲೇ ಶುರು.

ಯಾರ ಜೊತೆ ಬದಲಾಗುತ್ತದೋ ಗೊತ್ತಿಲ್ಲ ಎಂದಮೇಲೆ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಬಹುದು. ಮೂವರಲ್ಲಿ ಒಬ್ಬರು ಎಂಬುದು ಗೊತ್ತಿದೆಯಲ್ಲ, ಅಷ್ಟು ಸಾಕು. ಮೂವರೂ ಎಲ್ಲೆಲ್ಲಿ ನಿಂತಿದ್ದಾರೆ ಎಂಬುದು ಮ್ಯಾಪ್ ತೆರೆದರೆ ಕಣ್ಣೆದುರಿಗೇ ಇರುತ್ತದೆ. ಬೇರೆ ಐಟಂಗಳಿಗೆ ನೀವು ನಿಂತ ಜಾಗ ನೋಡಿದರೆ ಸಾಕು. ಇದಕ್ಕೆ ಮಾತ್ರ ಉಳಿದ ಮೂವರು ನಿಂತ ಜಾಗ ನೋಡಬೇಕು. ನಿಮ್ಮ ಮಗಳು ಅದನ್ನು ನೋಡದೆ ತೆಗೆಯುತ್ತಿದ್ದಾಳೆ. ಅವಳ ತೊಂದರೆ ಅಷ್ಟೇ ಎಂದು ನನಗನ್ನಿಸುತ್ತದೆ.

ಈಗ ಬೆರಳೆಣಿಕೆ. ಸ್ಟಾರ್ ಮೂರು ಮನೆ ದೂರದಲ್ಲಿದ್ದರೆ ನಿಮಗೆ ಮೂರೇ ಬೀಳಬೇಕಾಗಿಲ್ಲ, ಮೂರು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಸಾಕು. ಹಾದುಹೋಗುವಾಗಲೇ ನಿಲ್ಲಿಸಿ ಕೊಡುತ್ತಾರೆ. ಹತ್ತು ಅಂಕಿಗಳಲ್ಲಿ ಮೂರರಿಂದ ಹತ್ತರವರೆಗೆ ಎಂಟು ಅಂಕಿ, ಅಂದರೆ ಹತ್ತಕ್ಕೆ ಎಂಟು. ಆರು ಮನೆ ದೂರ ಇದ್ದರೆ ಹತ್ತಕ್ಕೆ ಐದು. ಒಟ್ಟಿನಲ್ಲಿ 11ರಿಂದ ದೂರವನ್ನು ಕಳೆದರೆ ಆ ಜಾಗದ ಬೆಲೆ ಸಿಗುತ್ತದೆ. ಹತ್ತಕ್ಕಿಂತ ದೂರವಾದರೆ ಬೆಲೆ ಸೊನ್ನೆ.

ವಾರ್ಪ್ ಬ್ಲಾಕ್ ತೆಗೆಯುವ ಮೊದಲು ಉಳಿದ ಮೂವರ ಜಾಗದ ಬೆಲೆ ಕೂಡಿಸಿ ಮೂರರಿಂದ ಭಾಗಿಸಿ. ಒಬ್ಬರು 3 ಮನೆ ದೂರ, ಇನ್ನೊಬ್ಬರು 6 ಮನೆ, ಮತ್ತೊಬ್ಬರು 18 ಮನೆ ಎಂದಿಟ್ಟುಕೊಳ್ಳಿ. ಎಂಟು, ಐದು, ಸೊನ್ನೆ. ಕೂಡಿದರೆ ಹದಿಮೂರು, ಮೂರರಿಂದ ಭಾಗಿಸಿದರೆ ನಾಲ್ಕೂ ಚಿಲ್ಲರೆ. ಅಂದರೆ ಈ ಸರದಿಯಲ್ಲೇ ಸ್ಟಾರ್ ಮುಟ್ಟುವ ಸಾಧ್ಯತೆ ಹತ್ತಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಈಗ ನಿಮ್ಮ ಸ್ವಂತ ಜಾಗದ ಬೆಲೆ ನೋಡಿ. ನೀವು 5 ಮನೆ ದೂರದಲ್ಲಿದ್ದರೆ ಅದು ಆರು. ಆರು ಕೊಟ್ಟು ನಾಲ್ಕು ಕೊಳ್ಳುವ ವ್ಯಾಪಾರ ಯಾರು ಮಾಡುತ್ತಾರೆ? ಆದರೆ ನೀವು 25 ಮನೆ ದೂರದಲ್ಲಿದ್ದರೆ ನಿಮ್ಮ ಜಾಗದ ಬೆಲೆ ಸೊನ್ನೆ, ಆಗ ನಾಲ್ಕು ಎಂಬುದು ದೊಡ್ಡ ಲಾಭ. ಮಗಳು ‘ಇದ್ದ ಒಳ್ಳೆಯ ಜಾಗ’ ಕಳೆದುಕೊಂಡಳು ಎಂದು ಬರೆದಿದ್ದೀರಲ್ಲ, ಆ ದಿನ ಅವಳು ಈ ಕಳೆಯುವ ಲೆಕ್ಕ ಮಾಡಿದ್ದರೆ ವಾರ್ಪ್ ಬ್ಲಾಕ್ ಚೀಲದಲ್ಲೇ ಉಳಿಯುತ್ತಿತ್ತು. ಮೂರು ಐಟಂ ಇಟ್ಟುಕೊಳ್ಳಲು ಜಾಗ ಇದೆ, ಸಿಕ್ಕ ಕೂಡಲೇ ಖರ್ಚು ಮಾಡಬೇಕೆಂದಿಲ್ಲ.

ಇನ್ನೊಂದು ತೂಕ ಮುಖ್ಯ. ಒಂದು ಸರದಿಗೆ ಒಂದೇ ಐಟಂ. ಆದ್ದರಿಂದ ವಾರ್ಪ್ ಬ್ಲಾಕ್ ತೆಗೆದ ಸರದಿಯಲ್ಲಿ ಡಬಲ್ ಡೈಸ್ ತೆಗೆಯುವ ಹಾಗಿಲ್ಲ, ಒಂದೇ ದಾಳದಲ್ಲಿ ನಡೆಯಬೇಕು. ಕೈಯಲ್ಲಿ ಎರಡೂ ಇದ್ದರೆ ಯಾವುದು ಮೇಲು? ಎರಡು ದಾಳ ಒಟ್ಟಿಗೆ ಹೊಡೆದಾಗ 11 ಅಥವಾ ಹೆಚ್ಚು ಬೀಳುವುದು ನೂರಕ್ಕೆ 55 ಸಲ. 13ಕ್ಕೆ 36, 14ಕ್ಕೆ 28, 15ಕ್ಕೆ 21. ಅಲ್ಲಿಂದ ಮುಂದೆ ಬೇಗ ಕುಸಿಯುತ್ತದೆ: 17ಕ್ಕೆ 10, 20ಕ್ಕೆ ಬರೀ 1. ಮೇಲಿನ ಉದಾಹರಣೆಯಲ್ಲಿ ವಾರ್ಪ್ ಬ್ಲಾಕ್ ಕೊಟ್ಟದ್ದು ನೂರಕ್ಕೆ 43. ಹಾಗಾಗಿ ನೀವು 11 ಮನೆ ದೂರದಲ್ಲಿದ್ದರೆ ಡಬಲ್ ಡೈಸ್, 13 ಅಥವಾ ಅದಕ್ಕಿಂತ ಆಚೆ ಇದ್ದರೆ ವಾರ್ಪ್ ಬ್ಲಾಕ್. ಸ್ಟಾರ್ ಹತ್ತಿರ ಒಬ್ಬರೇ ಇದ್ದು ಉಳಿದಿಬ್ಬರೂ ದೂರ ಇದ್ದರೆ ಮಾತ್ರ ಬೇರೆ ಕಥೆ. ಎಂಟನ್ನು ಮೂರರಿಂದ ಭಾಗಿಸಿದರೆ ಮೂರು ಕೂಡ ಆಗುವುದಿಲ್ಲ. ನನ್ನ ಅನುಭವದಲ್ಲಿ ಇಬ್ಬರಾದರೂ ಸ್ಟಾರ್ ಹತ್ತಿರ ಗುಂಪಾಗಿ ನಿಂತಿದ್ದಾಗ ಈ ಐಟಂ ಚೆನ್ನಾಗಿ ಫಲ ಕೊಡುತ್ತದೆ, ಒಬ್ಬರನ್ನೇ ನಂಬಿ ತೆಗೆದವರು ಹೆಚ್ಚಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ.

ಕಾಯಿನ್ ಮರೆಯಬೇಡಿ. ಕೈಯಲ್ಲಿ 20 ಇಲ್ಲದೆ ಸ್ಟಾರ್ ಪಕ್ಕಕ್ಕೆ ಹೋದರೆ ಅಂಗಡಿ ಮುಂದೆ ಬರಿಗೈಯಲ್ಲಿ ನಿಂತಂತೆ. ಬೇರೆಯವರ ಕಾಯಿನ್ನೂ ನೋಡಿ. ಸ್ಟಾರ್‌ನಿಂದ ಎರಡೇ ಮನೆ ದೂರ ನಿಂತವರ ಬಳಿ 8 ಕಾಯಿನ್ ಇದ್ದರೆ ಅವರಿಂದ ಈ ಸುತ್ತಿಗೆ ಭಯವಿಲ್ಲ. 40 ಇದ್ದರೆ ಭಯ ಇದೆ. ಅಂಥ ಹೊತ್ತಿನಲ್ಲಿ ನಿಮ್ಮ ಬಳಿ ಕಾಯಿನ್ ಇಲ್ಲದಿದ್ದರೂ ವಾರ್ಪ್ ಬ್ಲಾಕ್ ತೆಗೆಯುವುದರಲ್ಲಿ ಅರ್ಥವಿದೆ, ಅವರನ್ನು ಅಲ್ಲಿಂದ ಎಬ್ಬಿಸುವುದಕ್ಕೆ. ಆದರೆ ಮೂರರಲ್ಲಿ ಒಂದೇ ಪಾಲು ಸಾಧ್ಯತೆ ಎಂಬುದು ನೆನಪಿರಲಿ.

ಸರದಿಯ ಕ್ರಮದ ಬಗ್ಗೆ ಬಹಳ ಜನ ಕೇಳುತ್ತಾರೆ. ಮಧ್ಯದ ಸುತ್ತುಗಳಲ್ಲಿ ಅದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ನಿಮ್ಮ ಎರಡು ಸರದಿಗಳ ನಡುವೆ ಉಳಿದ ಮೂವರಿಗೂ ಒಂದೊಂದು ಸರದಿ ಬಂದೇ ಬರುತ್ತದೆ. ಕೊನೆಯ ಸುತ್ತಿನಲ್ಲಿ ಮಾತ್ರ ಎಲ್ಲ ಬದಲು. ಮೊದಲು ಆಡುವವರಿಗೆ ವಾರ್ಪ್ ಬ್ಲಾಕ್‌ನಿಂದ ಎರಡು ಲಾಭ: ತಾವು ಹತ್ತಿರ ಹೋಗುವುದು, ಇನ್ನೂ ದಾಳ ಹೊಡೆಯಬೇಕಿರುವ ಎದುರಾಳಿಯನ್ನು ದೂರ ಕಳಿಸುವುದು. ಕೊನೆಗೆ ಆಡುವವರಿಗೆ ಎರಡನೆಯದು ಇಲ್ಲ, ಏಕೆಂದರೆ ಅವರ ನಂತರ ಯಾರೂ ಆಡುವುದಿಲ್ಲ. ಹಾಗಾಗಿ ಮೊದಲ ಸರದಿಯವರು ಇದನ್ನು ಕೊನೆಯ ಸುತ್ತಿನವರೆಗೂ ಕಾಪಾಡಿಕೊಳ್ಳಬಹುದು. ನಾಲ್ಕನೆಯವರಿಗೆ ಅಷ್ಟು ಕಾಯುವುದರಿಂದ ಹೆಚ್ಚೇನೂ ಸಿಗದು. ಪ್ಲಂಡರ್ ಚೆಸ್ಟ್ ಕೈಗೆ ಬಂದವರು ನಿಮ್ಮ ಐಟಮ್ಮನ್ನೇ ಎತ್ತಿಕೊಂಡು ಹೋಗಬಹುದು ಎಂಬುದೂ ಗಮನದಲ್ಲಿರಲಿ.

ಬೋರ್ಡ್ ಯಾವುದು ಎಂಬುದರ ಮೇಲೂ ಇದರ ಬೆಲೆ ಏರಿಳಿಯುತ್ತದೆ. ನನಗೆ ಇದರ ಬಗ್ಗೆ ಮಾತಾಡುವುದೆಂದರೆ ಬಹಳ ಇಷ್ಟ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಪೀಚ್‌ಳ ಬರ್ತ್‌ಡೇ ಕೇಕ್ ಬೋರ್ಡ್ ತೆಗೆದುಕೊಳ್ಳಿ. ಬೇರೆ ಬೋರ್ಡುಗಳಲ್ಲಿ ಒಬ್ಬರು ಸ್ಟಾರ್ ಕೊಂಡ ಕೂಡಲೇ ಅದು ಇನ್ನೆಲ್ಲಿಗೋ ಹೋಗಿ ಕೂರುತ್ತದೆ. ಆದ್ದರಿಂದ ನೀವು ಕೊಂಡರೆ ಹಿಂದೆಯೇ ಬರುತ್ತಿದ್ದವರ ಆಸೆಗೂ ಕಲ್ಲು ಬಿದ್ದಂತೆ. ಇಲ್ಲಿ ಹಾಗಲ್ಲ, ಸ್ಟಾರ್ ಇದ್ದಲ್ಲೇ ಇರುತ್ತದೆ. ನೀವು ಡಬಲ್ ಡೈಸ್‌ನಲ್ಲಿ ಓಡಿಹೋಗಿ ಕೊಂಡರೂ ಹಿಂದಿನವರು ಬಂದು ತಮ್ಮ ಪಾಲಿನದನ್ನು ಕೊಳ್ಳುತ್ತಾರೆ, ಅವರಿಗೆ ನಷ್ಟವೇ ಇಲ್ಲ. ಅವರನ್ನು ನಿಜವಾಗಿ ತಡೆಯಬೇಕಾದರೆ ಅವರು ನಿಂತ ಜಾಗವನ್ನೇ ಬದಲಾಯಿಸಬೇಕು. ಈ ಬೋರ್ಡಿನಲ್ಲಿ ವಾರ್ಪ್ ಬ್ಲಾಕ್‌ಗೆ ಬೇರೆ ಕಡೆ ಇಲ್ಲದ ಬೆಲೆ ಬರುವುದು ಹೀಗೆ.

ಸ್ಪೇಸ್ ಲ್ಯಾಂಡ್‌ನಲ್ಲಿ ಇದು ಓಡಿ ತಪ್ಪಿಸಿಕೊಳ್ಳುವ ದಾರಿ. ಅಲ್ಲಿ ಬೋರ್ಡಿನ ನಡುವೆ ಆಟದ ಖಳನಾಯಕ ಬೌಸರ್‌ನ ಯಂತ್ರ ಇದೆ. ಜನ ಹಾದುಹೋದಂತೆ ಅದರ ಎಣಿಕೆ ಐದರಿಂದ ಇಳಿಯುತ್ತಾ ಬರುತ್ತದೆ. ಸೊನ್ನೆ ಆದಾಗ ಕಿರಣ ಹಾರುತ್ತದೆ, ಅದರ ಹಾದಿಯಲ್ಲಿ ನಿಂತವರ ಕಾಯಿನ್ನೆಲ್ಲ ಹೋಗುತ್ತದೆ. ಎಣಿಕೆ ಒಂದಕ್ಕೆ ಬಂದಿದೆ, ನೀವು ಕಿರಣದ ಹಾದಿಯಲ್ಲಿ 60 ಕಾಯಿನ್ ಹೊತ್ತು ನಿಂತಿದ್ದೀರಿ ಎಂದರೆ ಸ್ಟಾರ್ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ದಾಳ ಹೊಡೆದರೂ ಹಾದಿಯಿಂದ ಹೊರಗೆ ಬೀಳುವ ಭರವಸೆ ಇಲ್ಲದಿದ್ದರೆ ಜಾಗ ಬದಲಾಯಿಸಿಕೊಳ್ಳಿ.

ಯೋಶಿಯ ಟ್ರಾಪಿಕಲ್ ಐಲೆಂಡ್ ನನಗೆ ಎಲ್ಲಕ್ಕಿಂತ ಪ್ರಿಯವಾದ ಬೋರ್ಡ್, ಏಕೆಂದರೆ ಅಲ್ಲಿ ಬೋರ್ಡೇ ಅದಲುಬದಲಿನ ಆಟ ಆಡುತ್ತದೆ. ಎರಡು ದ್ವೀಪ. ಒಂದರಲ್ಲಿ ಸ್ಟಾರ್, ಇನ್ನೊಂದರಲ್ಲಿ ಬೌಸರ್. ಯಾರಾದರೂ ಪ್ರಶ್ನೆ ಚಿಹ್ನೆಯ ಮನೆಯ ಮೇಲೆ ನಿಂತರೆ ಸ್ಟಾರ್ ಮತ್ತು ಬೌಸರ್ ಜಾಗ ಬದಲಾಯಿಸಿಕೊಳ್ಳುತ್ತವೆ. ದ್ವೀಪದಿಂದ ದ್ವೀಪಕ್ಕೆ ದಾಟುವ ಕಡೆ ಥ್ವಾಂಪ್ ಎಂಬ ಕಲ್ಲು ಮೋರೆಯವನು ಸುಂಕ ಕೇಳುತ್ತಾನೆ. ಹಿಂದೆ ದಾಟಿದವರು ಕೊಟ್ಟದ್ದಕ್ಕಿಂತ ಒಂದಾದರೂ ಹೆಚ್ಚು ಕೊಡಬೇಕು. ಆಟ ಮುಂದುವರಿದಂತೆ ಸುಂಕ ಏರುತ್ತಲೇ ಹೋಗುತ್ತದೆ. ವಾರ್ಪ್ ಬ್ಲಾಕ್ ಇದ್ದರೆ ಒಂದು ಕಾಸೂ ಕೊಡದೆ ಆಚೆ ದಡದಲ್ಲಿರುತ್ತೀರಿ.

ಹೋದ ದಸರಾ ರಜೆಯಲ್ಲಿ ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿ ಈ ಬೋರ್ಡ್ ಆಡಿದೆವು. ಇನ್ನು ಎರಡೇ ಸುತ್ತು ಉಳಿದಿತ್ತು. ಅಣ್ಣನ ಮಗಳದು ನಾಲ್ಕನೇ ಸರದಿ, ನಿಂತದ್ದು ಬೌಸರ್ ಇರುವ ದ್ವೀಪದಲ್ಲಿ, ಕೈಯಲ್ಲಿ 26 ಕಾಯಿನ್. ಸುಂಕ 15ಕ್ಕೆ ಏರಿತ್ತು. ಕೊಟ್ಟು ದಾಟಿದರೆ ಉಳಿಯುವುದು 11, ಅದರಲ್ಲಿ ಸ್ಟಾರ್ ಬರುವುದಿಲ್ಲ. ಸ್ಟಾರ್ ದ್ವೀಪದಲ್ಲಿ ಅತ್ತಿಗೆ ನಾಲ್ಕು ಮನೆ ದೂರ, ಆದರೆ 16 ಕಾಯಿನ್ ಮಾತ್ರ. ನಾನು ಒಂಬತ್ತು ಮನೆ ದೂರ, 31 ಕಾಯಿನ್. ಅಣ್ಣ ಅವಳ ದ್ವೀಪದಲ್ಲೇ ಇದ್ದ. ಅವಳು ಮ್ಯಾಪ್ ತೆರೆದು ಟಿವಿ ಹತ್ತಿರ ಹೋಗಿ ಬೆರಳಿಟ್ಟು ಮನೆ ಎಣಿಸಿದಳು. ಏಳು, ಎರಡು, ಸೊನ್ನೆ. ಮೂರರಿಂದ ಭಾಗಿಸಿದರೆ ಮೂರು. ಅವಳ ಸ್ವಂತ ಜಾಗದ ಬೆಲೆ ಸೊನ್ನೆ. ‘ತೆಗೀತೀನಿ ಚಿಕ್ಕಪ್ಪ’ ಎಂದು ನನ್ನ ಕಡೆ ನೋಡಿಯೇ ತೆಗೆದಳು. ಬದಲಾದದ್ದು ನನ್ನ ಜೊತೆಯೇ. ಗರ ಬಿದ್ದದ್ದು ಆರು. ಸ್ಟಾರ್‌ಗೆ ಇನ್ನೂ ಮೂರು ಮನೆ.

ಅಲ್ಲಿಗೆ ಸೋತಂತೆ ಎಂದು ಅವಳ ಮುಖ ಬಾಡಿತು. ಆದರೆ ನಾನು 31 ಕಾಯಿನ್ ಇಟ್ಟುಕೊಂಡು ಸುಂಕದಾಚೆ ಸಿಕ್ಕಿಕೊಂಡಿದ್ದೆ, ಅದನ್ನು ಅವಳು ಗಮನಿಸಿರಲಿಲ್ಲ. ಮಿನಿಗೇಮ್‌ನಲ್ಲಿ ಗೆದ್ದದ್ದು ಅಣ್ಣ. ಅತ್ತಿಗೆ ಗೆದ್ದಿದ್ದರೆ ಹತ್ತು ಕಾಯಿನ್ ಸೇರಿ 26 ಆಗುತ್ತಿತ್ತು, ಮೊದಲ ಸರದಿಯಲ್ಲೇ ಸ್ಟಾರ್ ಅವರದಾಗುತ್ತಿತ್ತು. ಅವರು 16 ಕಾಯಿನ್ ಹಿಡಿದು ಸ್ಟಾರ್ ಮುಂದೆಯೇ ಹಾದುಹೋದರು. ಆಮೇಲೆ ನಾನು, ಆಮೇಲೆ ಅಣ್ಣ. ನಮ್ಮಿಬ್ಬರಲ್ಲಿ ಯಾರು ಪ್ರಶ್ನೆ ಚಿಹ್ನೆಯ ಮನೆಗೆ ಬಿದ್ದರೂ ಸ್ಟಾರ್ ಎದ್ದು ನಮ್ಮ ದ್ವೀಪಕ್ಕೆ ಬರುತ್ತಿತ್ತು. ಆ ಎರಡು ಗರ ಬೀಳುವ ತನಕ ಹುಡುಗಿ ಸೋಫಾದ ದಿಂಬನ್ನು ಎದೆಗೆ ಒತ್ತಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದಳು. ಇಬ್ಬರೂ ಬೇರೆ ಮನೆಗೆ ಬಿದ್ದೆವು. ಅವಳಿಗೆ ಏಳು ಬಿತ್ತು, ಸ್ಟಾರ್ ಕೊಂಡಳು.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ವಾರ್ಪ್ ಬ್ಲಾಕ್‌ನ ಫಲ ಅದೇ ಸರದಿಯಲ್ಲಿ ಕಾಣದಿದ್ದರೆ ಮಕ್ಕಳು ಅದು ವ್ಯರ್ಥವಾಯಿತು ಎಂದುಕೊಳ್ಳುತ್ತಾರೆ. ಜಾಗ ಬದಲಾದ ಮೇಲೆ ಆ ಬದಲಾವಣೆ ಉಳಿದುಕೊಳ್ಳುತ್ತದೆ. ಡಬಲ್ ಡೈಸ್ ಹೊಡೆದು ಸ್ಟಾರ್ ತಲುಪದಿದ್ದರೆ ನೀವಷ್ಟೇ ಹತ್ತಿರವಾಗಿರುತ್ತೀರಿ. ವಾರ್ಪ್ ಬ್ಲಾಕ್ ತೆಗೆದು ತಲುಪದಿದ್ದರೂ, ನೀವು ಹತ್ತಿರವಾದಷ್ಟೂ ಇನ್ನೊಬ್ಬರು ದೂರವಾಗಿರುತ್ತಾರೆ. ಮೇಲಿನ ಭಾಗಾಕಾರದಲ್ಲಿ ಈ ಲಾಭ ಸೇರಿಲ್ಲ. ಹಾಗಾಗಿ ಎರಡು ಐಟಮ್ಮಿನ ಲೆಕ್ಕ ಹತ್ತಿರ ಹತ್ತಿರ ಬಂದರೆ ನಾನು ವಾರ್ಪ್ ಬ್ಲಾಕ್ ಕಡೆಗೇ ವಾಲುತ್ತೇನೆ.

ಈಗ ಮಗನ ಮಾತು. ನಡೆದು ಬಂದ ಜಾಗ ಕಿತ್ತುಕೊಳ್ಳುವುದು ಮೋಸವೇ? ಅವನನ್ನು ಒಂದು ದಿನ ಚೌಕಾಬಾರದ ಮಣೆ ಮುಂದೆ ಕೂರಿಸಿ. ಮನೆಯಲ್ಲಿ ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ನಿಮ್ಮ ಕಾಯಿ ಸುತ್ತೆಲ್ಲ ಬಂದು, ಇನ್ನೇನು ಒಳಗೆ ಹೋಗಿ ಹಣ್ಣಾಗಬೇಕು ಅನ್ನುವಾಗ ಎದುರಾಳಿ ಅದೇ ಮನೆಗೆ ಬಂದು ಕಡಿಯುತ್ತಾನೆ. ಕಾಯಿ ಮೊದಲಿನಿಂದ ಹೊರಡಬೇಕು. ನೀವು ನಡೆದ ಅಷ್ಟೂ ದಾರಿ ಯಾರಿಗೂ ಸಿಗದೆ ಮಣ್ಣುಪಾಲು. ಜಾಗ ಬದಲಾಯಿಸುವುದರಲ್ಲಿ ಹಾಗೆ ಆಗುವುದಿಲ್ಲ. ನಡೆದ ದಾರಿ ಬೋರ್ಡಿನ ಮೇಲೆ ಹಾಗೆಯೇ ಇರುತ್ತದೆ, ಒಡೆಯರು ಮಾತ್ರ ಬೇರೆ. ಸಾರಿ ಎಂಬ ಹಳೆಯ ಬೋರ್ಡ್ ಆಟದಲ್ಲೂ 11ರ ಕಾರ್ಡ್ ಬಂದರೆ ಎದುರಾಳಿಯ ಕಾಯಿಯ ಜೊತೆ ಜಾಗ ಬದಲಾಯಿಸಬಹುದು, ಅಲ್ಲಂತೂ ಯಾರ ಜೊತೆ ಎಂದು ನೀವೇ ಆರಿಸುತ್ತೀರಿ.

ಸೂಪರ್‌ಸ್ಟಾರ್ಸ್‌ನಂಥ ಆಟಕ್ಕೆ ಕಡಿಯುವುದಕ್ಕಿಂತ ಬದಲಾಯಿಸುವುದೇ ಹೊಂದುವುದು ಏಕೆ ಎಂದರೆ, ಇಲ್ಲಿ ಸುತ್ತುಗಳಿಗೆ ಲೆಕ್ಕ ಇದೆ. ಚೌಕಾಬಾರದಲ್ಲಿ ಕಡಿಸಿಕೊಂಡವರು ಮಧ್ಯಾಹ್ನವಿಡೀ ಮತ್ತೆ ನಡೆಯಬಹುದು. ಹತ್ತೋ ಹದಿನೈದೋ ಸುತ್ತಿಗೆ ಮುಗಿಯುವ ಆಟದಲ್ಲಿ ಒಬ್ಬರನ್ನು ಆರಂಭದ ಮನೆಗೆ ಅಟ್ಟಿದರೆ ಅವರಿಗೆ ಉಳಿದ ಆಟ ಸುಮ್ಮನೆ ಕೂತು ನೋಡುವುದಾಗುತ್ತದೆ. ಜಾಗ ಬದಲಾದರೆ ಯಾರೋ ಒಬ್ಬರು ಸ್ಟಾರ್ ಹತ್ತಿರ ಇದ್ದೇ ಇರುತ್ತಾರೆ, ಆಟದ ಬಿಸಿ ಆರುವುದಿಲ್ಲ. ಅದಲ್ಲದೆ ಈ ಐಟಮ್ಮಿನಿಂದ ಹೆಚ್ಚು ಲಾಭ ಹಿಂದೆ ಬಿದ್ದವರಿಗೆ, ಮುಂದೆ ಇರುವವರಿಗೆ ಅಲ್ಲ ಎಂಬುದನ್ನು ಮೇಲಿನ ಲೆಕ್ಕದಲ್ಲೇ ನೋಡಿದಿರಿ. ತಂಗಿಯೋ ಅಕ್ಕನೋ, ಹಿಂದೆ ಬಿದ್ದಿರುವವಳಿಗೆ ಕೊನೆಯ ಸುತ್ತಿನವರೆಗೂ ಆಸೆ ಉಳಿಸಿಕೊಡುವ ನಿಯಮ ಅದು. ಅದನ್ನು ಮೋಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮಗನಿಗೆ ಬೇಕಾದರೆ ಇಷ್ಟು ಹೇಳಿ: ಅಕ್ಕಪಕ್ಕ ವಾರ್ಪ್ ಬ್ಲಾಕ್ ಹಿಡಿದವರು ಇದ್ದಾರೆ ಎಂದು ಕಂಡಾಗ, ಸ್ಟಾರ್‌ನಿಂದ ಎರಡು ಮನೆ ಹಿಂದೆ ಹೋಗಿ ಬೀಳುವ ದಾಳ ಹೊಡೆದು ಕಾಯುವುದಕ್ಕಿಂತ, ತನ್ನ ಬಳಿ ಇರುವ ಡಬಲ್ ಡೈಸನ್ನು ಒಂದು ಸುತ್ತು ಮೊದಲೇ ಖರ್ಚು ಮಾಡಿ ಕೊಂಡುಬಿಡುವುದು ಜಾಣತನ. ಯಾರ ಕೈಯಲ್ಲಿ ಯಾವ ಐಟಂ ಇದೆ ಎಂಬುದು ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಬಚ್ಚಿಟ್ಟ ಗುಟ್ಟೇನೂ ಅಲ್ಲ.

ಮಗಳಿಗೆ ಬರುವ ಭಾನುವಾರ ಒಂದು ಹಾಳೆ, ಪೆನ್ಸಿಲ್ ಕೊಡಿ. ವಾರ್ಪ್ ಬ್ಲಾಕ್ ತೆಗೆಯುವ ಮೊದಲು ಮೂವರ ದೂರ ಬರೆದು, ಒಂದೊಂದನ್ನೂ 11ರಿಂದ ಕಳೆದು, ಕೂಡಿಸಿ, ಮೂರರಿಂದ ಭಾಗಿಸಲಿ. ಪಕ್ಕದಲ್ಲಿ ತನ್ನ ಜಾಗದ ಬೆಲೆ ಬರೆಯಲಿ. ಮೊದಲೆರಡು ಸಲ ನಿಧಾನವಾಗುತ್ತದೆ, ಅಣ್ಣನೋ ತಮ್ಮನೋ ಗೊಣಗುತ್ತಾನೆ, ಗೊಣಗಲಿ. ಮೂರನೇ ಆಟದ ಹೊತ್ತಿಗೆ ಹಾಳೆ ಬೇಕಾಗುವುದಿಲ್ಲ.